ನೇರಳೆ ಉಳಿದರೆ ಕೋಶ ಬದುಕಿದೆ

ಕೂಡ್ಲಿಗಿಯಿಂದ ಕೊಟ್ಟೂರು, ಹರಪನಹಳ್ಳಿ ಹಾದು ದಾವಣಗೆರೆಗೆ ಬರುವಾಗ ಬದುಗಳ ಮೇಲೆ ತಂಗಡಿ ಗಿಡ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಆ ಹೂವಿನ ಸಾರವನ್ನು ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಹೋದಾಗ, ಕೊಟ್ಟೂರು ಕಡೆಯ ಸಂಶೋಧನಾ ವಿದ್ಯಾರ್ಥಿನಿ ಬಾಗಿಲಲ್ಲೇ ತಡೆದರು: “ಚಪ್ಪಲಿ ಇಲ್ಲೇ ಬಿಡ್ರಿ ಸರ್. ಒಳಗ ಏನೂ ಮುಟ್ಟಬ್ಯಾಡ್ರಿ.”

ಮೊದಲು ಕಂಡದ್ದು ದ್ರವ ಸಾರಜನಕದ ಕ್ಯಾನು. ಪಶು ಆಸ್ಪತ್ರೆಯಲ್ಲಿ ಹೋರಿ ವೀರ್ಯದ ಕಡ್ಡಿ ಇಡುತ್ತಾರಲ್ಲ, ಅಂಥದೇ. ಮೈನಸ್ 196 ಡಿಗ್ರಿಯ ಆ ಚಳಿಯಲ್ಲಿರುವುದು ಎ549: 1972ರಲ್ಲಿ ಅಮೆರಿಕದಲ್ಲಿ 58 ವರ್ಷದ ರೋಗಿಯೊಬ್ಬನ ಶ್ವಾಸಕೋಶದ ಗಡ್ಡೆಯಿಂದ ಬೆಳೆಸಿದ ಕೋಶಗಳ ಸಂತತಿ. ನಮ್ಮ ಕಡೆಯ ಪ್ರಯೋಗಾಲಯಗಳು ಇದನ್ನು ಹೆಚ್ಚಾಗಿ ತರಿಸಿಕೊಳ್ಳುವುದು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ. ಹೊರಗೆ ತೆಗೆದರೆ ಬಹಳ ನಾಜೂಕು. 37 ಡಿಗ್ರಿ ಶಾಖ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್, ಕರುವಿನ ರಕ್ತಸಾರ ಬೆರೆಸಿದ ಕೆಂಪು ದ್ರವ, ಎಲ್ಲವೂ ಬೇಕು.

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಗುಳಿ. ಒಂದೊಂದಕ್ಕೂ ಕೆಲವು ಸಾವಿರ ಕೋಶ ಹಾಕಿ, ತಳಕ್ಕೆ ಅಂಟಿಕೊಳ್ಳಲು ಒಂದು ದಿನ ಬಿಡುತ್ತಾರೆ. ಮರುದಿನ ಸಾರವನ್ನು ಪ್ರಮಾಣ ಏರಿಸುತ್ತ ಹಾಕುತ್ತಾರೆ. ಕೆಲವು ಗುಳಿಗೆ ಬರೀ ದ್ರಾವಕ. ಕೆಲವಕ್ಕೆ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ಗೆ ಡ್ರಿಪ್ ಹಾಕುವ ಸಿಸ್‌ಪ್ಲಾಟಿನ್, ಹೋಲಿಸಿ ನೋಡಲು. 48 ಗಂಟೆ ಕಳೆದ ಮೇಲೆ ಎಂಟಿಟಿ ಎಂಬ ಹಳದಿ ಬಣ್ಣ. ಬದುಕಿದ ಕೋಶ ಅದನ್ನು ನೇರಳೆ ಹರಳಾಗಿಸುತ್ತದೆ, ಸತ್ತದ್ದು ಸುಮ್ಮನಿರುತ್ತದೆ. 1983ರಲ್ಲಿ ಬಂದ ಈ ಉಪಾಯವೇ ಇಂದಿಗೂ ಚಾಲ್ತಿ. ಹರಳು ಕರಗಿಸಿ ಯಂತ್ರದಲ್ಲಿಟ್ಟರೆ ಅರ್ಧದಷ್ಟು ಕೋಶಗಳನ್ನು ಕೊಲ್ಲಲು ಎಷ್ಟು ಸಾರ ಬೇಕೆಂಬ ಲೆಕ್ಕ ಸಿಗುತ್ತದೆ.

ತಟ್ಟೆಯ ಒಂದು ಮೂಲೆಗೆ ಬೆರಳು ತೋರಿಸಿ ಆಕೆ ನಕ್ಕರು. “ಈ ವೆಲ್‌ನ್ಯಾಗ ಕೋಶನಾ ಇಲ್ರಿ. ಆದ್ರೂ ನೇರಳೆ ಆಗೇತಿ ನೋಡ್ರಿ!” ಗಿಡದ ಸಾರದಲ್ಲಿರುವ ಕೆಲವು ವಸ್ತುಗಳು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯ ಬಣ್ಣ ಬದಲಿಸುತ್ತವೆ. ಕೋಶವಿಲ್ಲದ ಈ ಗುಳಿಗಳನ್ನು ಇಡದವರ ಲೆಕ್ಕವನ್ನು ನಂಬುವುದು ಕಷ್ಟ. ತಟ್ಟೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇವೇ.

ಕೋಶ ಸತ್ತರೂ ‘ಕ್ಯಾನ್ಸರ್‌ಗೆ ಮದ್ದು ಪತ್ತೆ’ ಎಂದು ತಲೆಬರಹ ಹಾಕುವ ಅವಸರ ನಮ್ಮ ಪತ್ರಿಕೆಯವರಿಗೆ ಬೇಡ. ಸ್ಪಿರಿಟ್ ಸುರಿದರೂ ಕೋಶ ಸಾಯುತ್ತದೆ. ಅದೇ ಪ್ರಮಾಣಕ್ಕೆ ಆರೋಗ್ಯವಂತ ಶ್ವಾಸಕೋಶದ ಕೋಶ ಉಳಿಯಿತೇ ಎಂಬುದು ಪ್ರಶ್ನೆ. ಮೇಲಾಗಿ ಎ549 ಎಲ್ಲ ರೋಗಿಗಳ ಪ್ರತಿನಿಧಿಯಲ್ಲ. ಅದರ ಕೆರಾಸ್ ಜೀನ್‌ನಲ್ಲಿ ಜಿ12ಎಸ್ ಎಂಬ ಬದಲಾವಣೆ ಇದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೋಟೊರಾಸಿಬ್ ಎಂಬ ಮದ್ದು ಹಿಡಿಯುವುದು ಅದೇ ಜಾಗದ ಜಿ12ಸಿಯನ್ನು. ಒಂದಕ್ಷರದ ವ್ಯತ್ಯಾಸಕ್ಕೆ ಎ549 ಅದರ ಕೈಗೆ ಸಿಗುವುದಿಲ್ಲ.

ಗಿಡದಿಂದ ಮದ್ದು ಬರುವುದೇ ಇಲ್ಲವೆಂದಲ್ಲ. ಗುಡಿಯಂಗಳದಲ್ಲಿ ಬೆಳೆಯುವ ಕಾಶಿಕಣಗಲೆಯನ್ನು ಕೆನಡಾದ ನೋಬಲ್ ಮತ್ತು ಬಿಯರ್ 1950ರ ದಶಕದಲ್ಲಿ ಪರೀಕ್ಷಿಸಿದ್ದು ಸಕ್ಕರೆ ಕಾಯಿಲೆಗೆ. ಇಲಿಗಳ ಬಿಳಿ ರಕ್ತಕಣ ಕುಸಿದದ್ದು ಕಂಡು ಹುಡುಕಿದಾಗ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದು ಸಿಕ್ಕಿತು. ಅದೇ ಗಿಡದ ವಸ್ತುಗಳನ್ನು ತಿದ್ದಿ ಮಾಡಿದ ವಿನೊರೆಲ್ಬಿನ್‌ಗೆ ಶ್ವಾಸಕೋಶದ ಕ್ಯಾನ್ಸರ್‌ ಚಿಕಿತ್ಸೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ.

ಹಾಗಾದರೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಓಡಾಡುವ ನಮ್ಮ ಊರಿನವರು ತಂಗಡಿ ಕಷಾಯ ಕುಡಿಯಬಹುದೇ ಎಂದೆ. ಆಕೆಯ ದನಿ ಗಡುಸಾಯಿತು. “ಬ್ಯಾಡ್ರಿ. ಇಲ್ಲಿ ಸಾರ ಸೀದಾ ಕೋಶಕ್ಕ ಹತ್ತತೈತಿ. ಕುಡಿದದ್ದು ಹೊಟ್ಟಿ, ಲಿವರ್ ದಾಟಿ ಹೋಗ್ಬೇಕು. ಡಾಕ್ಟರ್ ಕೊಟ್ಟ ಔಷಧಿ ಜೋಡಿ ಏನರ ಮಾಡಿದ್ರ?” ಅಷ್ಟು ಹೇಳಿ, ಆರೋಗ್ಯವಂತ ಕೋಶಗಳ ತಟ್ಟೆ ತುಂಬಲು ಕೈಗವಸು ಬದಲಿಸಿದರು.