ನೆಲದ ಕಾಯಿಲೆಗೆ ಆಕಾಶದ ಪರೀಕ್ಷೆ

ಬೇಸಿಗೆಯಲ್ಲಿ ದೆಹಲಿಯ ಮೇಲೆ ‘ಆಂಧಿ’ ಎದ್ದಿತೆಂದರೆ, ಕರೋಲ್ ಬಾಗಿನ ಮನೆಗಳಲ್ಲಿ ಕಿಟಕಿ ಮುಚ್ಚುವುದರೊಳಗಾಗಿ ಮಾಳಿಗೆಯ ಬಟ್ಟೆಗಳ ಮೇಲೂ ಅಡುಗೆಮನೆಯ ಪಾತ್ರೆಗಳ ಮೇಲೂ ಧೂಳು ಕುಳಿತಿರುತ್ತದೆ. ಉಬ್ಬಸವುಳ್ಳವರಿಗೆ ಆ ರಾತ್ರಿ ನಿದ್ರೆ ದುರ್ಲಭ. ಪಶ್ಚಿಮದ ಮರುಭೂಮಿಯ ಕಡೆಯಿಂದ ಬರುವ ಈ ಧೂಳಿಗೆ ಅಡ್ಡಲಾಗಿರುವುದು ಅರಾವಳಿ ಬೆಟ್ಟಸಾಲು. ಅದರ ತುದಿಯೇ ಕರೋಲ್ ಬಾಗಿನ ಮಗ್ಗುಲಲ್ಲಿರುವ ‘ರಿಜ್’ ಕಾಡು. ಆ ಹಸಿರು ಸವೆದಷ್ಟೂ ಧೂಳಿಗೆ ಬಾಗಿಲು ತೆರೆದಂತೆ.

ಮರಳೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ತಲಕಾಡು. ಆದರೆ ಮರುಭೂಮೀಕರಣವೆಂದರೆ ಮರಳು ಬಂದು ಊರನ್ನು ಮುಚ್ಚುವುದಷ್ಟೇ ಅಲ್ಲ. ಮಳೆ ಕಡಿಮೆಯಾದ ಸೀಮೆಗಳಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ, ಗಿಡಗಂಟಿಗಳು ಅಳಿದು, ಚೌಳು ಮೇಲೆದ್ದು ನೆಲವು ಸತ್ತ್ವಗುಂದುವುದೂ ಅದೇ. ಈ ಕಾಯಿಲೆ ಮೆಲ್ಲಗೆ ಏರುವಂಥದು. ಪಕ್ಕದಲ್ಲೇ ಇರುವವರ ಕಣ್ಣಿಗೆ ಬೀಳುವುದು ತಡವಾಗಿ.

ಇಲ್ಲಿ ನೆರವಿಗೆ ಬರುವುದು ಉಪಗ್ರಹ. ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಬರಡು ಮಣ್ಣಿನಲ್ಲಿ ಈ ಎರಡರ ನಡುವಣ ಅಂತರ ಬಹಳ ಕಡಿಮೆ. ಈ ಅಂತರವನ್ನು ಅಳೆದರೆ ಹಸಿರಿನ ಏರಿಳಿತ ತಿಳಿಯುತ್ತದೆ. ಆದರೆ ಕೊಯಿಲು ಮುಗಿದ ಹೊಲವೂ ಬರಡಿನಂತೆಯೇ ಕಾಣುವುದರಿಂದ, ಬೇರೆ ಬೇರೆ ಋತುಗಳ ಚಿತ್ರಗಳನ್ನು ಹೋಲಿಸಿ, ಸ್ಥಳಕ್ಕೆ ಹೋಗಿ ಮಣ್ಣನ್ನು ಕಣ್ಣಾರೆ ನೋಡಿದ ಬಳಿಕವೇ ತೀರ್ಮಾನ. ನಾಡಿ ಹಿಡಿಯದೆ ಮದ್ದು ಬರೆಯುವ ವೈದ್ಯನುಂಟೇ!

ಈ ವಿದ್ಯೆ ಭಾರತದಲ್ಲಿ ಬೇರೂರುವುದರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರ ಪಾಲು ಹಿರಿದು. 1975ರ ‘ಆರ್ಯಭಟ’ವು ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಯಿತು. ಅವರು ಇಸ್ರೋ ಅಧ್ಯಕ್ಷರಾಗಿದ್ದಾಗಲೇ, 1988ರ ಮಾರ್ಚ್ 17ರಂದು, ನೆಲವನ್ನು ನಿತ್ಯ ನೋಡುವ ‘ಐ.ಆರ್.ಎಸ್.-1ಎ’ ಕಕ್ಷೆಗೇರಿತು.

ಅದರ ಮುಂದಿನ ಪೀಳಿಗೆಯ ಉಪಗ್ರಹಚಿತ್ರಗಳಿಂದ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರವು 2016ರಲ್ಲಿ ದೇಶದ ಭೂಸವಕಳಿಯ ನಕ್ಷಾಸಂಪುಟವನ್ನು ಹೊರತಂದಿತು. ಅದರ ಚಿತ್ರಗಳಲ್ಲಿ ಒಂದು ಚುಕ್ಕೆಯೆಂದರೆ 56 ಮೀಟರ್ ಚೌಕ, ಅಂದರೆ ಸುಮಾರು 31 ಗುಂಟೆ ಜಮೀನು. 2003–05ರಲ್ಲಿ ಕೆಟ್ಟ ನೆಲ 9.45 ಕೋಟಿ ಹೆಕ್ಟೇರ್. 2018–19ರ ವೇಳೆಗೆ ಅದು 9.78 ಕೋಟಿಗೆ, ದೇಶದ ವಿಸ್ತೀರ್ಣದ ಶೇಕಡಾ 29.77ಕ್ಕೆ ಏರಿತ್ತು. ಕರ್ನಾಟಕದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ನೆಲ ಈ ಪಟ್ಟಿಯಲ್ಲಿದೆ. ಅಲ್ಲಿಯ ಮುಖ್ಯ ಕಾರಣ ಗಾಳಿಯಲ್ಲ, ಮಳೆನೀರಿನ ಕೊರೆತ. ದೆಹಲಿಯ ನೆರೆಯ ಗ್ರೇಟರ್ ನೋಯ್ಡಾದಲ್ಲಿ 2019ರ ಸೆಪ್ಟೆಂಬರಿನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ, 2030ರೊಳಗೆ 2.6 ಕೋಟಿ ಹೆಕ್ಟೇರ್ ನೆಲವನ್ನು ಚೇತರಿಸುವ ಸಂಕಲ್ಪವನ್ನು ಭಾರತ ಸಾರಿತು.

ರೋಗ ತಿಳಿದರೆ ಚಿಕಿತ್ಸೆಯೂ ಸಾಧ್ಯ. 2001ರಲ್ಲಿ ಮೊದಲಾದ ‘ಸುಜಲ’ ಜಲಾನಯನ ಯೋಜನೆಯಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳ ಹಳ್ಳಿಗರೇ ಕೂಡಿ ಬದು, ಕೃಷಿಹೊಂಡ, ಮರಗಿಡಗಳನ್ನು ಯೋಜಿಸಿದರು. ಕೆಲಸದ ಮೊದಲೂ ಆಮೇಲೂ ತೆಗೆದ ಉಪಗ್ರಹಚಿತ್ರಗಳು ಫಲವನ್ನು ಅಳೆಯಲು ನೆರವಾದವು.

ಊರಿನಲ್ಲಿ ಹಿರಿಯರ ಹೊಲ ಉಳಿಸಿಕೊಂಡಿರುವ ಕುಟುಂಬಗಳು ಕರೋಲ್ ಬಾಗಿನಲ್ಲಿ ಕಡಿಮೆಯಿಲ್ಲ. ಉಪಗ್ರಹವು ಆ ಹೊಲದ ಗಾಯವನ್ನು ತೋರಿಸಬಲ್ಲದು. ಬದುವನ್ನು ಮಾತ್ರ ಕಟ್ಟಲಾರದು. ರಜೆಯಲ್ಲಿ ಊರಿಗೆ ಹೋದವರು ಒಡೆದ ಬದುವೊಂದನ್ನು ಸರಿಪಡಿಸಿ, ಅದರ ಮೇಲೆ ನಾಲ್ಕು ಹೊಂಗೆ ಸಸಿಗಳನ್ನು ನೆಟ್ಟು ಬಂದರೆ, ನೆಲದ ಚಿಕಿತ್ಸೆ ಅಲ್ಲಿಂದಲೇ ಆರಂಭವಾದಂತೆ.