ಅಜ್ಜನ ಪಿಂಚಣಿ ಫೈಲು ಗೆದ್ದಲಿಗೆ ಬಿಡಬೇಡಿ

ಈಸೂರು: ಏಸೂರು ಕೊಟ್ಟರೂ ಈಸೂರು ಕೊಡೆವು ಅನ್ನೋ ಮಾತು ಶಿಕಾರಿಪುರ ತಾಲ್ಲೂಕಿನಲ್ಲಿ ಚಿಕ್ಕ ಹುಡುಗರಿಗೂ ಬಾಯಿಪಾಠ. ಆದರೆ ನಿಮ್ಮ ಅಜ್ಜ ಯಾವ ಜೈಲಿನಲ್ಲಿದ್ದರು, ಎಷ್ಟು ತಿಂಗಳು, ಯಾವ ಕೇಸು ಅಂತ ಕೇಳಿದರೆ, "ಆ ಗಲಾಟೇಲಿ ಇದ್ದರಂತೆ" ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಉಳಿದದ್ದನ್ನು ಹೇಳಬಲ್ಲದ್ದು ಒಂದು ಹಳೇ ಕಾಗದದ ಕಟ್ಟು. ಅದೇ ಸ್ವಾತಂತ್ರ್ಯ ಯೋಧರ ಪಿಂಚಣಿ ಫೈಲು.

ನಡೆದ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ತಮ್ಮೂರು ಸ್ವತಂತ್ರ ಎಂದು ತಾವೇ ಸಾರಿಕೊಂಡರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಏರಿತು. ಹುಡುಗ ಜಯಪ್ಪ ಊರಿನ ಅಮಲ್ದಾರನಾದ, ಹುಡುಗ ಮಲ್ಲಪ್ಪ ಸಬ್‌ಇನ್ಸ್‌ಪೆಕ್ಟರ್ ಆದ. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರ ಚನ್ನಕೃಷ್ಣಪ್ಪ, ಸಬ್‌ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರ ಜೊತೆ ಬಂದರು. ಘರ್ಷಣೆಯಲ್ಲಿ ಇಬ್ಬರೂ ಸತ್ತರು. ಆಮೇಲೆ ಪೊಲೀಸರು ಊರಿಗೆ ನುಗ್ಗಿದಾಗ ಜನ ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು 1943ರ ಮಾರ್ಚಿನಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಜೈಲಿನ ಜಾಗವೇ ಈಗಿನ ಫ್ರೀಡಂ ಪಾರ್ಕ್.

ಐವರ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಶಿಕ್ಷೆ ಅನುಭವಿಸಿ ಮನೆಗೆ ಬಂದು ಮತ್ತೆ ನೇಗಿಲು ಹಿಡಿದವರ ಲೆಕ್ಕ ಎಲ್ಲಿದೆ?

ಇನ್ನೂರು ರೂಪಾಯಿಯ ಚರಿತ್ರೆ

ಸ್ವಾತಂತ್ರ್ಯ ಬಂದು 25 ವರ್ಷವಾದಾಗ, 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ತಿಂಗಳಿಗೆ 200 ರೂಪಾಯಿ ಪಿಂಚಣಿ ಶುರು ಮಾಡಿತು. ವರ್ಷಕ್ಕೆ 5,000 ರೂಪಾಯಿ ಮೀರಿ ವರಮಾನ ಇದ್ದವರಿಗೆ ಇರಲಿಲ್ಲ. 1980ರಲ್ಲಿ ಆ ಮಿತಿ ಹೋಯಿತು, ಪಿಂಚಣಿ 300 ಆಯಿತು, ಯೋಜನೆಗೆ ಸ್ವತಂತ್ರತಾ ಸೈನಿಕ ಸಮ್ಮಾನ್ ಅಂತ ಹೆಸರೂ ಬಂತು. ಯೂನಿಫಾರಂ ಕಾಣದ ರೈತ ಕಾಗದದ ಮೇಲೆ ಸೈನಿಕನಾದ.

ಆದರೆ ಸರ್ಕಾರ ಪುಕ್ಕಟೆ ಕೊಡುತ್ತದೆಯೇ? ರುಜುವಾತು ಕೇಳಿತು. ಗಂಡಸರಿಗೆ ಕನಿಷ್ಠ ಆರು ತಿಂಗಳ ಜೈಲು, ಹೆಂಗಸರಿಗೂ ಪರಿಶಿಷ್ಟರಿಗೂ ಮೂರು ತಿಂಗಳು. ಜೈಲಿನ ಸರ್ಟಿಫಿಕೇಟು ಅಥವಾ ಕೋರ್ಟಿನ ಕಾಗದ ಬೇಕು. ದಾಖಲೆ ಸಿಗದಿದ್ದರೆ ಜೊತೆಗೆ ಜೈಲಿನಲ್ಲಿದ್ದವರು ಸಾಕ್ಷಿ ಬರೆದುಕೊಡಬೇಕು. ಹಾಗಾಗಿ ಅರ್ಜಿ ಹಾಕಿದವನು ತಂದೆ ಹೆಸರು, ಊರು, ಹಿಡಿದ ದಿನ, ಬಿಟ್ಟ ದಿನ ಎಲ್ಲ ಬರೆಯಲೇಬೇಕಾಯಿತು. ದುಡ್ಡಿಗೋಸ್ಕರ ಬರೆದ ಕಾಗದ ಇವತ್ತು ವಂಶದ ಚರಿತ್ರೆಯಾಗಿ ಕೂತಿದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 1832ರ ಪಿಂಚಣಿ ಕಾನೂನು ಬಂದಾಗ ಅಲ್ಲಿಯ ಸ್ವಾತಂತ್ರ್ಯ ಯುದ್ಧದ ಮುದಿ ಸಿಪಾಯಿಗಳು ಕೋರ್ಟಿನಲ್ಲಿ ನಿಂತು ತಾವು ಕಾದಾಡಿದ್ದನ್ನು ನೆನಪಿನಿಂದಲೇ ಹೇಳಿ ಬರೆಸಿದರು. ವಿಧವೆಯರಲ್ಲಿ ಕೆಲವರು ಮದುವೆ ತಾರೀಖು ತೋರಿಸಲು ಮನೆಯ ಬೈಬಲ್ಲಿನ ಹಾಳೆಯನ್ನೇ ಹರಿದು ಲಗತ್ತಿಸಿದರು. ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಅದೇ ಹಾಳೆ ಹುಡುಕಿಕೊಂಡು ಹೋಗುತ್ತಾರೆ.

ಎಲ್ಲಿ ಹುಡುಕೋದು?

ಮೊದಲು ಮನೆ ಅಟ್ಟ, ಆಮೇಲೆ ಆಫೀಸು. ಟ್ರಂಕಿನಲ್ಲಿ ಪಿಂಚಣಿ ಮಂಜೂರಾತಿ ಪತ್ರ, ಬ್ಯಾಂಕ್ ಪಾಸ್‌ಬುಕ್, ತಾಮ್ರಪತ್ರ ಏನು ಸಿಕ್ಕರೂ ಅದರ ನಂಬರು, ತಾರೀಖು ಬರೆದಿಟ್ಟುಕೊಳ್ಳಿ. ನಂಬರಿಲ್ಲದೆ ಗುಮಾಸ್ತರ ಮುಂದೆ ನಿಂತರೆ "ನಾಳೆ ಬನ್ನಿ" ಅನ್ನೋದೇ ಉತ್ತರ. ಅಜ್ಜ ತೀರಿಕೊಂಡ ಮೇಲೆ ಅಜ್ಜಿಗೆ ಪಿಂಚಣಿ ಬರುತ್ತಿದ್ದರೆ ಅವರ ಹೆಸರಿನಲ್ಲೂ ಹುಡುಕಿ.

ಆಮೇಲೆ ಜಿಲ್ಲಾಧಿಕಾರಿಗಳ ಕಚೇರಿ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲೇ ಬಂದಿದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಇದೆ ಅಥವಾ ಇಲ್ಲ ಅಂತ ಉತ್ತರ ಕೊಡಲೇಬೇಕು. ಕೇಂದ್ರದ ಪಿಂಚಣಿಯಾದರೆ ಇನ್ನೊಂದು ಅರ್ಜಿ ದೆಹಲಿಯ ಗೃಹ ಇಲಾಖೆಗೆ. ಮೈಸೂರು ಸಂಸ್ಥಾನದ ಕಾಲದ ಸರ್ಕಾರಿ ಕಾಗದಕ್ಕೆ ಬೆಂಗಳೂರಿನ ವಿಕಾಸಸೌಧದಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಮಿಲಿಟರಿಗೇ ಸೇರಿದ್ದ ಅಜ್ಜನಾದರೆ ದಾರಿ ಬೇರೆ. ಅವರ ಡಿಸ್ಚಾರ್ಜ್ ಪುಸ್ತಕದಲ್ಲಿರುವ ನಂಬರು ಹಿಡಿದು ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು.

ಹೆಸರಿನ ವಿಷಯದಲ್ಲಿ ಹುಷಾರು. ಸಬ್‌ಇನ್ಸ್‌ಪೆಕ್ಟರ್ ಆದ ಹುಡುಗನೂ ಮಲ್ಲಪ್ಪ, ಗಲ್ಲಿಗೇರಿದವರಲ್ಲೂ ಒಬ್ಬ ಮಲ್ಲಪ್ಪ. ತಂದೆ ಹೆಸರು, ಮನೆತನದ ಹೆಸರು ಕೂಡಿಸಿ ನೋಡದಿದ್ದರೆ ಬೇರೆಯವರ ಅಜ್ಜನನ್ನು ನಿಮ್ಮ ಮನೆಗೆ ಕರಕೊಂಡು ಬಂದೀರಿ. ಇಂಗ್ಲಿಷಿನಲ್ಲಿ ಬರೆದ ಕಾಗದದಲ್ಲಿ ಈಸೂರು ಒಂದು ಕಡೆ ಇಸ್ಸೂರ್ ಆದರೆ ಇನ್ನೊಂದು ಕಡೆ ಎಸೂರ್. 2014ರ ನವೆಂಬರಿಗೆ ಮುಂಚಿನ ಇಂಗ್ಲಿಷ್ ಕಾಗದದಲ್ಲಿ ಶಿವಮೊಗ್ಗ ಸಿಗದು, ಶಿಮೊಗ ಅಂತಲೇ ಹುಡುಕಬೇಕು.

ಫೈಲು ಹೇಳದ ಮಾತು

ಫೈಲಿನಲ್ಲಿ ಬರೆದದ್ದೇ ಪೂರ್ತಿ ಸತ್ಯ ಅಂದುಕೊಳ್ಳಬಾರದು. ಪೊಲೀಸ್ ಕಾಗದದಲ್ಲಿ ಆರೋಪಿ ಅನ್ನಿಸಿಕೊಂಡ ಮನುಷ್ಯನೇ ಮೂವತ್ತು ವರ್ಷ ಬಿಟ್ಟು ಪಿಂಚಣಿ ಕಾಗದದಲ್ಲಿ ಸೈನಿಕ. ಎರಡನ್ನೂ ಎದುರಾಬದರು ಇಟ್ಟು ಓದಿದರೆ ಮಾತ್ರ ಅಜ್ಜ ಪೂರಾ ಕಾಣುತ್ತಾರೆ.

ಇನ್ನು ಫೈಲೇ ಇಲ್ಲದವರು. ಐದು ತಿಂಗಳು ಜೈಲಿನಲ್ಲಿದ್ದವನಿಗೆ ಒಂದು ತಿಂಗಳು ಸಾಲದೆ ಹೋಯಿತು. ಕಾಡಿನಲ್ಲಿ ಅಡಗಿದ್ದವನು ಆರು ತಿಂಗಳು ತಲೆಮರೆಸಿಕೊಂಡಿದ್ದಕ್ಕೆ ಸರ್ಕಾರದ್ದೇ ಆಜ್ಞೆಯ ಕಾಗದ ತೋರಿಸಬೇಕಿತ್ತು. ಆ ಕಾಡಿಗೆ ಬುತ್ತಿ ಹೊತ್ತ ಹೆಂಗಸಿಗೆ ಯಾವ ಜೈಲರು ಸರ್ಟಿಫಿಕೇಟು ಕೊಡಬೇಕು? 1972ಕ್ಕೆ ಮುಂಚೆಯೇ ಸತ್ತು, ಹಿಂದೆ ಹೆಂಡತಿಯೂ ಇಲ್ಲದವನ ಹೆಸರಿನಲ್ಲಿ ಅರ್ಜಿ ಹಾಕುವವರು ಯಾರು? ಇಂಥವರ ಸಂಗತಿ ಉಳಿದಿರುವುದು ಮನೆಯ ಹಿರಿಯರ ಬಾಯಲ್ಲಿ ಮಾತ್ರ.

ಫೈಲು ಕಳೆದರೆ ಮತ್ತೊಂದು ಸಾಕ್ಷಿ ಬರೆಸೋಣ ಅಂದರೆ ಬರೆದುಕೊಡುವ ಜೊತೆ ಕೈದಿಗಳು ಇನ್ನೆಲ್ಲಿ ಸಿಕ್ಕಾರು? ಮನೆಯಲ್ಲಿರುವ ಕಾಗದಕ್ಕೆ ಎರಡು ರೂಪಾಯಿಯ ಜೆರಾಕ್ಸ್ ಮಾಡಿಸಿ ಅಣ್ಣತಮ್ಮಂದಿರ ಮನೆಯಲ್ಲೊಂದು, ನಿಮ್ಮಲ್ಲೊಂದು ಇಡಿ. ಕಾಗದ ಇಲ್ಲದ ಅಜ್ಜಿಯ ಕಥೆ ಕೇಳಿ, ತಾರೀಖು ಹಾಕಿ ಬರೆದಿಡಿ. ಊರಿನಲ್ಲಿ ಸ್ಮಾರಕ ಕಟ್ಟಿದ್ದಾಗಿದೆ. ಅದರ ಮೇಲೆ ಹೆಸರಿಲ್ಲದವರನ್ನು ಹುಡುಕುವ ಕೆಲಸ ಈಗ ಮೊಮ್ಮಕ್ಕಳದ್ದು.