ಉದ್ದ ಬೆನ್ನಿನ ಕಾರು

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರನ್ನು ಇಂದಿಗೂ ಹೊತ್ತಿರುವ ರಿಚರ್ಡ್ಸ್ ಟೌನಿನಲ್ಲಿ, ಭಾನುವಾರದ ಬೆಳಗು ಅವಸರವಿಲ್ಲದೆ ಆಗುತ್ತದೆ. ಉದ್ಯಾನವನ್ನು ಸುತ್ತುವ ಹಿರಿಯರು, ಪ್ರಾರ್ಥನೆಗೆ ಹೊರಟ ಸಂಸಾರಗಳು, ಕೈಚೀಲ ಹಿಡಿದು ತರಕಾರಿಗೆ ಹೊರಟ ಗೃಹಸ್ಥರು, ಇವರೇ ಆ ಹೊತ್ತಿನ ಬೀದಿಯ ಒಡೆಯರು. ಹೆಂಚಿನ ಮಾಡಿನ ಹಳೆಯ ಬಂಗಲೆಗಳು ಒಂದೊಂದಾಗಿ ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಟ್ಟಿವೆ. ಆದರೂ ಉಳಿದಿರುವ ಕೆಲವು ಕಾಂಪೌಂಡುಗಳೊಳಗೆ ಇಣುಕಿದರೆ ಮಾವಿನ ಮರವೊಂದು, ಅದರಾಚೆ ಮರದ ಬಾಗಿಲಿನ ಕಾರ್ ಷೆಡ್ಡೊಂದು ಕಣ್ಣಿಗೆ ಬೀಳುವುದುಂಟು.

ಅಂಥ ಷೆಡ್ಡಿನಲ್ಲಿ ಹಳೆಯ ಎಸ್ಟೇಟ್ ಕಾರೊಂದು ನಿಂತಿರುವುದನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಸಾಮಾನ್ಯ ಕಾರಿನ ಛಾವಣಿ ಹಿಂದಿನ ಸೀಟಿನ ಬಳಿ ಇಳಿದುಬಿಡುತ್ತದೆ. ಅಲ್ಲಿಂದಾಚೆ ಡಿಕ್ಕಿಯ ಪೆಟ್ಟಿಗೆ. ಎಸ್ಟೇಟ್ ಕಾರಿನ ಛಾವಣಿಯಾದರೋ ಬಾಲದವರೆಗೂ ಸಮನಾಗಿ ಸಾಗಿ, ಮೇಲಕ್ಕೆ ತೆರೆಯುವ ಐದನೆಯ ಬಾಗಿಲಿನಲ್ಲಿ ಮುಗಿಯುತ್ತದೆ. ಹಿಂದಿನ ಸೀಟನ್ನು ಮಡಿಚಿದರೆ ತೊಟ್ಟಿಲು, ತಂಬೂರಿ, ಅಕ್ಕಿಮೂಟೆ, ಹೊಲಿಗೆ ಯಂತ್ರ ಎಲ್ಲಕ್ಕೂ ಅಲ್ಲಿ ಎಡೆಯುಂಟು. ಇಂಗ್ಲೆಂಡಿನ ಸಿರಿವಂತರು ತಮ್ಮ ಹಳ್ಳಿಯ ಜಮೀನುಗಳಲ್ಲಿ ಬಳಸುತ್ತಿದ್ದುದರಿಂದ ಅದು ಎಸ್ಟೇಟ್ ಕಾರು ಎನಿಸಿಕೊಂಡಿತು. ರೈಲು ನಿಲ್ದಾಣದಿಂದ ಜನರನ್ನೂ ಪೆಟ್ಟಿಗೆಗಳನ್ನೂ ಕರೆತರುತ್ತಿದ್ದುದರಿಂದ ಅಮೆರಿಕದಲ್ಲಿ ಅದಕ್ಕೆ ಸ್ಟೇಷನ್ ವ್ಯಾಗನ್ ಎಂದು ಹೆಸರಾಯಿತು. ಕೊಡಗು, ಚಿಕ್ಕಮಗಳೂರುಗಳ ಕಡೆಯ ನೆಂಟರಿಗೆ ಎಸ್ಟೇಟ್ ಎಂದರೆ ಕಾಫಿ ತೋಟವೇ. ತೋಟವಿಲ್ಲದವನಿಗೆ ಎಸ್ಟೇಟ್ ಕಾರು ಏಕೆಂಬ ಕುಚೋದ್ಯ ಅವರಿಂದ ಬರದಿದ್ದರೆ ಅದೇ ಆಶ್ಚರ್ಯ.

ಭಾರತದಲ್ಲಿ ಈ ಜಾತಿಯ ಕಾರಿಗೆ ದೀರ್ಘ ಇತಿಹಾಸವಿದೆ, ಆದರೆ ಭಾಗ್ಯವಿಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿಯು ತನ್ನ ಹೆರಾಲ್ಡ್ ಕಾರಿಗೆ ಉದ್ದ ಬೆನ್ನು ಕಟ್ಟಿ ಕಂಪ್ಯಾನಿಯನ್ ಎಂದು ಕರೆಯಿತು. ಅಂಬಾಸಡರಿಗೂ ಎಸ್ಟೇಟ್ ರೂಪವೊಂದಿತ್ತು. ಬೆಂಗಳೂರಿನದೇ ಆದ ಸಿಪಾನಿ ಸಂಸ್ಥೆಯು ಕಳೆದ ಶತಮಾನದ ಕೊನೆಯ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮಾಂಟೆಗೋ ಕಾರುಗಳನ್ನು ಇಲ್ಲಿ ಜೋಡಿಸಿ ಮಾರಿತು. ಅವುಗಳಲ್ಲಿಯೂ ಎಸ್ಟೇಟ್ ಇತ್ತು. 1992ರಲ್ಲಿ ಟಾಟಾ ಸಂಸ್ಥೆ ಎಸ್ಟೇಟ್ ಎಂಬ ಹೆಸರಿನ ಡೀಸೆಲ್ ಕಾರನ್ನೇ ಹೊರತಂದಿತು. ಆಮೇಲೆ ಮಾರುತಿಯ ಬಲೆನೋ ಆಲ್ಟೂರಾ, ಓಪೆಲ್ ಕೋರ್ಸಾ ಸ್ವಿಂಗ್, 2004ರಲ್ಲಿ ಟಾಟಾ ಇಂಡಿಗೋ ಮರೀನಾ. ಒಂದಾದರೂ ಬಹುಕಾಲ ಬಾಳಲಿಲ್ಲ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಡಿಕ್ಕಿ ಬೇರೆಯಾಗಿ ಎದ್ದು ಕಾಣುವ ಕಾರೇ ಗೌರವದ ಕಾರೆಂಬ ಭಾವನೆ ನಮ್ಮ ಮಧ್ಯಮವರ್ಗದಲ್ಲಿ ಬೇರೂರಿತ್ತು. ಹಿಂದಿನಿಂದ ಬಾಗಿಲು ತೆರೆಯುವ ವಾಹನವೆಂದರೆ ಸರಕು ಸಾಗಿಸುವುದು, ಇಲ್ಲವೇ ಆಸ್ಪತ್ರೆಯದು. ಅದರ ಮೇಲೆ, 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಹೊರಬಂದಿತು. ಹೆಚ್ಚು ಸಾಮಾನು ಬೇಕೆಂದವರು ಹೆಚ್ಚು ಜನರನ್ನೂ ಕೂರಿಸಬಲ್ಲ ಎತ್ತರದ ಗಾಡಿಯ ಕಡೆಗೆ ತಿರುಗಿದರು. ಐವರು ಕೂರುವ ಎಸ್ಟೇಟ್ ಕಾರು ಅತ್ತ ಸೆಡಾನೂ ಅಲ್ಲದೆ ಇತ್ತ ಜೀಪೂ ಅಲ್ಲದೆ ಉಳಿಯಿತು. ಹೊಸದಾಗಿದ್ದಾಗಲೇ ಬೇಡಿಕೆಯಿಲ್ಲದ ವಸ್ತುವಿಗೆ ಹಳೆಯದಾದ ಮೇಲೆ ಬೆಲೆ ಎಲ್ಲಿಂದ ಬರಬೇಕು? ಜಾಣ ಕೊಳ್ಳುವವನಿಗೆ ಲಾಭವಿರುವುದೂ ಅಲ್ಲಿಯೇ, ಅಪಾಯವಿರುವುದೂ ಅಲ್ಲಿಯೇ.

ಕಲ್ಪನೆಯ ನಮ್ಮ ಷೆಡ್ಡಿನ ಮನೆಯಲ್ಲಿ ಅಜ್ಜಿ, ಮಗ, ಸೊಸೆ ಮತ್ತು ಇಬ್ಬರು ಮಕ್ಕಳು. ಕಾರು 2006ರಲ್ಲಿ ನೋಂದಣಿಯಾದ ಡೀಸೆಲ್ ಮರೀನಾ. ಮಗ ಅದನ್ನು ಮೊದಲ ಸಲ ಕಾಂಪೌಂಡಿನೊಳಗೆ ತಂದು ನಿಲ್ಲಿಸಿದಾಗ ಸೊಸೆಯು ಬಾಗಿಲಲ್ಲೇ ನಿಂತು, "ಇದೇನ್ರೀ, ಆಂಬುಲೆನ್ಸ್ ತಂದ ಹಾಗಿದೆಯಲ್ಲ!" ಎಂದಿರಬೇಕು. ಅಜ್ಜಿಯ ಮಾತು ಇನ್ನೂ ಕಟುವಾಗಿದ್ದೀತು: "ಹಿಂದಿನಿಂದ ಬಾಗಿಲು ತೆಗೆಯೋ ಗಾಡಿಗೆ ನನ್ನನ್ನ ಈಗಲೇ ಹತ್ತಿಸಬೇಡಪ್ಪ."

ಮಗ ಕೊಳ್ಳುವ ಮುನ್ನ ಇಂಜಿನ್ ನೋಡಿದ, ಓಡಿಸಿ ನೋಡಿದ. ಎಲ್ಲರೂ ಮಾಡುವುದು ಅಷ್ಟೇ. ಆದರೆ ಎಸ್ಟೇಟ್ ಕಾರನ್ನು ಪರೀಕ್ಷಿಸುವವರು ಹಿಂದಿನಿಂದ ಮುಂದಕ್ಕೆ ಬರಬೇಕು. ಮರೀನಾದ ಮುಂದಿನ ಅರ್ಧ ಇಂಡಿಕಾ ಕಾರಿನದೇ. ಇಂಡಿಕಾ 1998ರಿಂದ 2018ರವರೆಗೆ ತಯಾರಾಗಿ ಊರೂರಿನ ಟ್ಯಾಕ್ಸಿಯಾಗಿ ದುಡಿದ ಕಾರು. ಅದರ ಹೆಡ್‌ಲೈಟು, ಬಂಪರು, ಮುಂಬಾಗಿಲು ಸುಲಭವಾಗಿ ದೊರೆಯುತ್ತವೆ. ಹಿಂದಿನ ಅರ್ಧಕ್ಕೆ ಅಂಥ ಬಂಧುಬಳಗವಿಲ್ಲ. ಐದನೆಯ ಬಾಗಿಲು, ಅದರ ಗಾಜು, ಅದರ ಸುತ್ತಲಿನ ರಬ್ಬರ್ ಬೀಡಿಂಗು, ಪಕ್ಕದ ಉದ್ದನೆಯ ಕಿಟಕಿಗಾಜುಗಳು, ಹಿಂದಿನ ದೀಪಗಳು: ಇವು ಆ ಒಂದು ಮಾದರಿಗೇ ಮೀಸಲು. ಕಂಪ್ಯಾನಿಯನ್‌ಗೂ ಆಲ್ಟೂರಾಕ್ಕೂ ಇದೇ ಮಾತು. ಮುಂಭಾಗ ಜಜ್ಜಿದ ಕಾರನ್ನು ಕೊಂಡರೂ ಕೊಳ್ಳಬಹುದು. ಹಿಂಬಾಗಿಲು ಸೊಟ್ಟಗಾದ ಕಾರನ್ನು ಮಾತ್ರ ಎಷ್ಟು ಅಗ್ಗವಾದರೂ ಕೊಳ್ಳಬಾರದು.

ಹಿಂದೆ ನೋಡಬೇಕಾದುದೇನು? ಹಿಂಬಾಗಿಲನ್ನು ಎತ್ತಿ ಕೈಬಿಟ್ಟರೆ ಅದು ನಿಲ್ಲಬೇಕು. ಎರಡು ಪಕ್ಕದ ಅನಿಲದ ಊರುಗೋಲುಗಳು ಶಕ್ತಿಗುಂದಿದ್ದರೆ ಬಾಗಿಲು ಸಾಮಾನು ತೆಗೆಯುವವರ ತಲೆಯ ಮೇಲೆಯೇ ಇಳಿಯುತ್ತದೆ. ಹಾಸುಗಂಬಳಿಯನ್ನು ಎತ್ತಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಬೆರಳಾಡಿಸಬೇಕು. ತೇವವೋ ತುಕ್ಕಿನ ಪುಡಿಯೋ ಸಿಕ್ಕಿದರೆ ಬೀಡಿಂಗಿನೊಳಗಿಂದ ಮಳೆನೀರು ಇಳಿಯುತ್ತಿದೆಯೆಂದೇ ಅರ್ಥ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ದೂರದಿಂದ ನೋಡಬೇಕು. ಬಾಲ ಕುಗ್ಗಿದ್ದರೆ ಹಿಂದಿನ ಸ್ಪ್ರಿಂಗುಗಳು ವರ್ಷಾನುಗಟ್ಟಲೆ ಅತಿಭಾರ ಹೊತ್ತಿವೆ. ಹಿಂದಿನ ಒಡೆಯ ಕ್ಯಾಟರಿಂಗಿಗೋ ಪೇಪರ್ ಬಂಡಲಿಗೋ ಬಳಸಿದ್ದನೆಂಬುದನ್ನು ಬ್ರೋಕರ್ ಹೇಳುವುದಿಲ್ಲ, ಸ್ಪ್ರಿಂಗು ಹೇಳುತ್ತದೆ.

ಬೀಡಿಂಗಿನ ವಿಷಯ ಕೇವಲ ಮಳೆನೀರಿನದಲ್ಲ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಮೆಯಾಗಿ, ಸೈಲೆನ್ಸರಿನ ಹೊಗೆ ಅಲ್ಲಿಯೇ ಸುಳಿಯುತ್ತದೆ. ಹಿಂಬಾಗಿಲು ಅರೆತೆರೆದಿದ್ದರೆ, ಅಥವಾ ರಬ್ಬರು ಹರಿದಿದ್ದರೆ, ಆ ಹೊಗೆ ಕಾರಿನೊಳಕ್ಕೆ ಸೇರಬಲ್ಲದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉದ್ದನೆಯ ಬೀರುವೋ ಏಣಿಯೋ ಹೊರಗೆ ಚಾಚಿಕೊಂಡಿರುವಂತೆ ಬಾಗಿಲಿಗೆ ಹಗ್ಗ ಕಟ್ಟಿ ಮಕ್ಕಳೊಡನೆ ಸಾಗುವ ದೃಶ್ಯ ಅಪರೂಪವೇನಲ್ಲ. ಅದು ಎಂದಿಗೂ ಕೂಡದು.

ಹಾಗೆಯೇ ಇನ್ನೊಂದು. ಡಿಕ್ಕಿಯಲ್ಲಿರುವ ಸಾಮಾನಿಗೆ ಸುತ್ತಲೂ ತಗಡಿನ ಗೋಡೆಯುಂಟು. ಎಸ್ಟೇಟಿನಲ್ಲಿ ಸಾಮಾನೂ ಸವಾರರೂ ಒಂದೇ ಕೋಣೆಯವರು. ತಟ್ಟನೆ ಬ್ರೇಕು ಹಾಕಿದಾಗ ಕಾರು ನಿಂತರೂ ಹಿಂದಿರುವ ಹಲಸಿನ ಹಣ್ಣು ನಿಲ್ಲುವುದಿಲ್ಲ. ಭಾರದ ವಸ್ತುವನ್ನು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ ಇಡುವುದು, ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸದಿರುವುದು, ಪೂರ್ತಿ ತುಂಬಿದ ದಿನ ಹಿಂದಿನ ಟೈರುಗಳಿಗೆ ಕಂಪೆನಿ ಸೂಚಿಸಿದಷ್ಟು ಹೆಚ್ಚಿನ ಗಾಳಿ ಹಿಡಿಸುವುದು, ಇಷ್ಟನ್ನು ಮನೆಯಲ್ಲಿ ಯಾರಾದರೊಬ್ಬರು ವ್ರತದಂತೆ ಪಾಲಿಸಬೇಕು. ಸಾಮಾನಿನ ಜಾಗದಲ್ಲಿ ಆಟವಾಡುತ್ತ ಬರುವೆವೆಂದು ಮಕ್ಕಳು ಗೋಗರೆಯುತ್ತಾರೆ. ಅಲ್ಲಿ ಬೆಲ್ಟೂ ಇಲ್ಲ, ರಕ್ಷಣೆಯೂ ಇಲ್ಲ.

ಇಷ್ಟಾದರೂ ಮಗ ಒಂದು ತಪ್ಪು ಮಾಡಿದ್ದ. ಮೀಟರು ತೋರಿಸಿದ ಕಿಲೋಮೀಟರುಗಳನ್ನು ನಂಬಿ, ಟೈಮಿಂಗ್ ಬೆಲ್ಟನ್ನು ಆಮೇಲೆ ನೋಡೋಣವೆಂದು ಬಿಟ್ಟಿದ್ದ. ರಬ್ಬರಿನ ಆ ಪಟ್ಟಿ ಹರಿದರೆ ಇಂಜಿನ್ನಿನೊಳಗೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು, ಕೊಂಡ ಬೆಲೆಯ ದೊಡ್ಡ ಪಾಲು ಒಂದೇ ಕ್ಷಣದಲ್ಲಿ ಹೋಗುತ್ತದೆ. ಹಾಗಾಗುವ ಮೊದಲೇ ಮನೆಯ ಹತ್ತಿರದ ಮೆಕ್ಯಾನಿಕ್ ಅದರ ಸೀಳನ್ನು ಕಂಡದ್ದು ಸಂಸಾರದ ಪುಣ್ಯ. ಹಳೆಯ ಕಾರಿನಲ್ಲಿ ದಾಖಲೆಯಿಲ್ಲದ ಬೆಲ್ಟನ್ನು ಕೊಂಡ ವಾರವೇ ಬದಲಿಸುವುದು ಲೇಸು.

ಬಿಡಿಭಾಗಗಳ ಮಾತು ಬಂದರೆ ರಿಚರ್ಡ್ಸ್ ಟೌನಿನವರು ಅದೃಷ್ಟವಂತರು. ಶಿವಾಜಿನಗರದ ಗುಜರಿ ಅವರಿಗೆ ಕೂಗಳತೆಯಲ್ಲೇ ಇದೆ. ಬಿಚ್ಚಿದ ಕಾರುಗಳ ಬಾಗಿಲುಗಳು ಪುಸ್ತಕಗಳಂತೆ ಸಾಲಾಗಿ ನಿಂತಿರುವ, ಎಣ್ಣೆಯ ಜಿಡ್ಡಿನಲ್ಲಿ ಕಾಲಿಟ್ಟರೆ ಜಾರುವ ಆ ಓಣಿಗಳಲ್ಲಿ ವ್ಯಾಪಾರಿಗಳ ನೆನಪೇ ದಾಸ್ತಾನು ಪುಸ್ತಕ. ಕನ್ನಡ, ಉರ್ದು, ತಮಿಳು ಮೂರನ್ನೂ ಬೆರೆಸಿ ಚೌಕಾಸಿ ಮಾಡಬಲ್ಲವರಿಗೆ ಅಲ್ಲಿ ಒಳ್ಳೆಯ ಕಾಲ. ಇಂಡಿಕಾದ ಕನ್ನಡಿ ಕೇಳಿದರೆ ನಾಲ್ಕು ಬರುತ್ತವೆ. ಮರೀನಾದ ಹಿಂದಿನ ದೀಪವೆಂದರೆ ಮಾತ್ರ ವ್ಯಾಪಾರಿ ಒಂದು ಗಳಿಗೆ ಮೇಲೆ ನೋಡುತ್ತಾನೆ, ಫೋನ್ ನಂಬರ್ ಬರೆದುಕೊಳ್ಳುತ್ತಾನೆ, ಮುಂದಿನ ವಾರ ಬನ್ನಿ ಎನ್ನುತ್ತಾನೆ. ಮುಂದಿನ ವಾರ ಸಿಕ್ಕಿದರೆ ಎರಡನ್ನೂ ಕೊಂಡು ಒಂದನ್ನು ಅಟ್ಟದ ಮೇಲಿಡುವುದು ಜಾಣತನ. ರಸೀದಿ ಕೇಳಿ ಪಡೆಯುವುದನ್ನು ಮಾತ್ರ ಮರೆಯಬಾರದು.

ಪೆಟ್ರೋಲಿನ ಹಳೆಯ ಎಸ್ಟೇಟ್ ಇರುವವರಿಗೆ ಇನ್ನೊಂದು ಚಿಂತೆಯಿದೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥೆನಾಲ್ ನೀರನ್ನು ಹೀರುವಂಥದು. ಬಹುಕಾಲ ನಿಂತ ಕಾರಿನ ತಗಡಿನ ಟ್ಯಾಂಕಿಗೆ ತುಕ್ಕನ್ನೂ, ಹಳೆಯ ರಬ್ಬರ್ ಕೊಳವೆಗಳಿಗೆ ಮುಪ್ಪನ್ನೂ ತರುತ್ತದೆ. ಕೊಳವೆಗಳನ್ನು ಹೊಸ ಜಾತಿಯವಕ್ಕೆ ಬದಲಿಸಿ, ಕಾರನ್ನು ವಾರಕ್ಕೊಮ್ಮೆಯಾದರೂ ಓಡಿಸುವುದೇ ಇದಕ್ಕೆ ಉಪಾಯ.

ಇನ್ನು ಕಾಗದಪತ್ರ. ಕಾರು ಕೈಬದಲಾದಾಗ ಮಾರಿದವರು 14 ದಿನಗಳೊಳಗೂ ಕೊಂಡವರು 30 ದಿನಗಳೊಳಗೂ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನಗಳ ಕಾಯಿದೆ ಹೇಳುತ್ತದೆ. ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷಗಳ ಆಯುಸ್ಸು. ಅನಂತರ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. 2021ರಲ್ಲಿ ಈ ಮರೀನಾಕ್ಕೆ ಮೊದಲ ನವೀಕರಣವಾದಾಗ ಕೇಂದ್ರದ ಶುಲ್ಕ 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಎಂದು ಗೊತ್ತುಮಾಡಲಾಯಿತು. ಮರೀನಾಕ್ಕೆ ಇಪ್ಪತ್ತು ತುಂಬುವುದು 2026ರಲ್ಲಿ.

ಹಾಗಾದರೆ ಮಾರಿಬಿಡಬಾರದೇ? ಸೊಸೆ ಲೆಕ್ಕದಲ್ಲಿ ಗಟ್ಟಿಗಿತ್ತಿ. ವಿಮೆ, ತೆರಿಗೆ, ಬೀಡಿಂಗು, ಬೆಲ್ಟು ಎಲ್ಲವನ್ನೂ ಬರೆದು ಕೂಡಿದಾಗ ಮಾರುವುದೇ ಸರಿ ಎಂಬ ಉತ್ತರ ಬಂದಿತು. ಆದರೆ ಆ ಲೆಕ್ಕದಲ್ಲಿ ಅಜ್ಜಿ ಇರಲಿಲ್ಲ. ಎರಡು ವರ್ಷಗಳ ಕೆಳಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆಕೆಗೆ ಗಾಲಿಕುರ್ಚಿಯೇ ಕಾಲು. ನೆರೆಮನೆಯವರ ಎತ್ತರದ ಹೊಸ ಗಾಡಿಗೆ ಆಕೆಯನ್ನು ಹತ್ತಿಸುವುದೆಂದರೆ ಇಬ್ಬರು ಎತ್ತಬೇಕು. ಮರೀನಾದ ಸೀಟು ಸಾಮಾನ್ಯ ಕಾರಿನಷ್ಟೇ ತಗ್ಗು. ಹಿಂದುಮುಂದಾಗಿ ಕುಳಿತು ಕಾಲುಗಳನ್ನು ಮೆಲ್ಲನೆ ಒಳಗೆ ತಿರುಗಿಸಿದರೆ ಆಯಿತು. ಗಾಲಿಕುರ್ಚಿ ಹಿಂಬಾಗಿಲಿನಿಂದ ಒಂದೇ ತಳ್ಳಿಗೆ ಒಳಕ್ಕೆ. ಆಂಬುಲೆನ್ಸ್ ಎಂದು ನಕ್ಕವರೇ ಈಗ ಆಕೆಯನ್ನು ಪ್ರತಿ ತಿಂಗಳು ವೈದ್ಯರ ಬಳಿಗೂ, ತಪ್ಪದೆ ಹಲಸೂರಿನ ಸೋಮೇಶ್ವರನ ಗುಡಿಗೂ ಅದರಲ್ಲೇ ಕರೆದೊಯ್ಯುತ್ತಾರೆ. "ಈ ಗಾಡಿ ಮಾರಿದರೆ ನನ್ನನ್ನೂ ಅದರ ಜತೆಗೇ ಮಾರಿಬಿಡಿ," ಎಂದು ಅಜ್ಜಿ ಗೊಣಗಿದ ಮೇಲೆ ಸೊಸೆಯ ಕಾಗದ ಡ್ರಾಯರಿನೊಳಗೆ ಹೋಯಿತು.

ಈಗ ಉಳಿದಿರುವುದು ಷೆಡ್ಡಿನ ಪ್ರಶ್ನೆ. ಬಂಗಲೆಯನ್ನು ಕಟ್ಟಡದ ಕಂಟ್ರಾಕ್ಟರಿಗೆ ಒಪ್ಪಿಸುವ ಮಾತುಕತೆ ನಡೆದಿದೆ. ಹೊಸ ನಕ್ಷೆಯಲ್ಲಿ ಮನೆಗೊಂದು ಕಾರಿನ ಜಾಗ, ಅದರ ಬೆನ್ನಿಗೇ ಗೋಡೆ. ಕಾರು ಅಲ್ಲಿ ಹಿಡಿಸೀತು, ಆದರೆ ಹಿಂಬಾಗಿಲು ಮೇಲಕ್ಕೆ ಏಳುವಾಗ ಹಿಂದಕ್ಕೂ ಚಾಚುತ್ತದೆ, ಗಾಲಿಕುರ್ಚಿ ಇಳಿಸುವವರು ನಿಲ್ಲಲೂ ಎಡೆ ಬೇಕು. ಕಳೆದ ಭಾನುವಾರ ಮಗ ಹಿಂಬಾಗಿಲನ್ನು ಪೂರ್ತಿ ತೆರೆದು ಟೇಪು ಹಿಡಿದು ಅಳೆದ. ಮಕ್ಕಳಲ್ಲಿ ಹಿರಿಯವಳು ಕುರ್ಚಿಯನ್ನು ಇಳಿಸಿ ತೋರಿಸಿದಳು. ಆ ಅಳತೆಯನ್ನು ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತಿಸಿ, ಗೋಡೆಯನ್ನು ಅಷ್ಟು ಹಿಂದಕ್ಕೆ ಸರಿಸದೆ ಸಹಿ ಹಾಕುವುದಿಲ್ಲವೆಂದು ಕಂಟ್ರಾಕ್ಟರಿಗೆ ಹೇಳಿ ಕಳುಹಿಸಲಾಗಿದೆ.